ಒಡಹುಟ್ಟಿದ್ದು

"ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡ್ಬೇಡಿ."

ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ಹೆಣ್ಣು ದನಿ ಬಂತು. ಎಲ್ವಿಯೊ ಸ್ಪಿನೋತ್ಸಿ ಉಸಿರು ಹಿಡಿದ. ಸುತ್ತಲೂ ಯಂತ್ರ ತಗಡು ಬಡಿದ ಹಾಗೆ ಸದ್ದು ಮಾಡುತ್ತಿತ್ತು. ಮೂಗಿನಿಂದ ಒಂದು ಗೇಣು ಮೇಲೆ ಕೊಳವೆಯ ಬಿಳಿ ಚಾವಣಿ. ಬೆಳಿಗ್ಗೆ ಎಂಟಕ್ಕೆ ಬಂದಿದ್ದ. ಹತ್ತಕ್ಕೆ ವೈದ್ಯಕೀಯ ಪರೀಕ್ಷೆ ಮುಗಿಸಿ, ಹನ್ನೊಂದಕ್ಕೆ ಕ್ಲಬ್ಬಿನ ಕಚೇರಿಯಲ್ಲಿ ಸಹಿ ಹಾಕಿ, ಮೂರು ಗಂಟೆಗೆ ಹೊಸ ತಂಡದ ಜೊತೆ ಅಭ್ಯಾಸಕ್ಕಿಳಿಯುವುದು ಎಂದು ಹೇಳಿದ್ದರು. ಈಗ ಮಧ್ಯಾಹ್ನ ಒಂದು ದಾಟಿರಬೇಕು.

ಟ್ರೆಡ್‌ಮಿಲ್ ಮೇಲೆ ಓಡುವಾಗಲೇ ಅವನಿಗೆ ಅನುಮಾನ ಬಂದಿತ್ತು. ಒಂಬತ್ತನೆಯ ನಿಮಿಷದಲ್ಲಿ, ಅವನಿಗೆ ಇನ್ನೂ ಬೆವರು ಸರಿಯಾಗಿ ಇಳಿಯುವ ಮುಂಚೆಯೇ, ಪರದೆ ನೋಡುತ್ತಿದ್ದ ಹುಡುಗಿ ಯಂತ್ರ ನಿಲ್ಲಿಸಿದ್ದಳು. "ಇನ್ನೂ ಓಡ್ತೀನಿ, ನಂಗೇನೂ ಆಯಾಸ ಆಗಿಲ್ಲ" ಎಂದಿದ್ದ. "ಗೊತ್ತು" ಎಂದವಳು ಅವನ ಮುಖ ನೋಡದೆ ಡಾಕ್ಟರನ್ನು ಕರೆಯಲು ಹೋಗಿದ್ದಳು.

ಅವನಿಗೆ ಮೂವತ್ತೊಂದು ವರ್ಷ. ಹದಿಮೂರು ಹಂಗಾಮು, ಒಂಬತ್ತು ಊರು, ಒಂಬತ್ತು ಬಣ್ಣದ ಅಂಗಿ. ಬಹುತೇಕ ಎಲ್ಲವೂ ಫುಟ್‌ಬಾಲಿನ ಮೂರನೆಯ ಮೆಟ್ಟಿಲಾದ ಸಿ ದರ್ಜೆ, ನಡುವೆ ಎರಡು ವರ್ಷ ಅದಕ್ಕೂ ಕೆಳಗಿನ ಡಿ. ಬೆಟ್ಟದ ನೆತ್ತಿಯ ಒಂದು ಊರಿನಲ್ಲಿ ಚೆಂಡು ಗೋಡೆ ದಾಟಿದರೆ ದ್ರಾಕ್ಷಿ ತೋಟದಲ್ಲಿ ಹುಡುಕಬೇಕಿತ್ತು. ದಕ್ಷಿಣದ ಇನ್ನೊಂದರಲ್ಲಿ ಬಿಸಿನೀರು ಮೊದಲು ಸ್ನಾನಕ್ಕೆ ನುಗ್ಗಿದ ಆರು ಮಂದಿಗಷ್ಟೇ ಸಿಗುತ್ತಿತ್ತು. ಇಷ್ಟು ವರ್ಷದಲ್ಲಿ ಅವನು ಹೊಡೆದದ್ದು ಹದಿನಾಲ್ಕು ಗೋಲು. ಗೋಲು ಹೊಡೆಯುವುದು ಅವನ ಕೆಲಸವಾಗಿರಲೂ ಇಲ್ಲ. ನಡುಮೈದಾನದಲ್ಲಿ ನಿಂತು ಎದುರಾಳಿಯ ಕಾಲಿನಿಂದ ಚೆಂಡು ಬಿಡಿಸಿ, ಹತ್ತು ಹೆಜ್ಜೆ ಆಚೆ ಇರುವ, ತನಗಿಂತ ಚೆನ್ನಾಗಿ ಆಡುವವನಿಗೆ ಒಪ್ಪಿಸುವುದು ಅವನ ಕೆಲಸ. "ಸ್ಪಿನೋತ್ಸಿ ಆಡ್ತಿದ್ರೆ ಕಣ್ಣಿಗೇ ಬೀಳಲ್ಲ. ಒಂದಿನ ಆಡ್ಲಿಲ್ಲ ಅನ್ನಿ, ಆಗ ಗೊತ್ತಾಗತ್ತೆ" ಎಂದು ಅವನ ಹಳೆಯ ಮಿಸ್ಟರ್ ಹೇಳುತ್ತಿದ್ದರು. ತರಬೇತುದಾರ ಯಾರೇ ಆಗಲಿ, ಆಟಗಾರರ ಬಾಯಲ್ಲಿ ಮಿಸ್ಟರ್. ಆ ಮಿಸ್ಟರ್ ಈಗ ಉತ್ತರದ ಒಂದು ಬಿ ದರ್ಜೆ ತಂಡ ಸೇರಿದ್ದರು. ಜನವರಿಯಲ್ಲಿ ಅವರ ನಡುಮೈದಾನದವನೊಬ್ಬ ಮಂಡಿ ಮುರಿದುಕೊಂಡ. ಅವರು ನೇರ ಎಲ್ವಿಯೊಗೇ ಫೋನು ಮಾಡಿದ್ದರು. "ಬರ್ತೀಯೇನೋ? ಐದು ತಿಂಗಳು. ಅಷ್ಟು ದೊಡ್ಡ ಮೈದಾನದಲ್ಲಿ ಒಂದು ಸಲನಾದ್ರೂ ಆಡು ಮಾರಾಯ, ಸಾಯೋ ಮುಂಚೆ."

ಸಂಜೆ ನಾಲ್ಕಕ್ಕೆ ಡಾಕ್ಟರ್ ಫಾಬಿಯಾನಿ ಅವನನ್ನು ಕೋಣೆಗೆ ಕರೆದರು. ಐವತ್ತು ದಾಟಿದ, ತೆಳ್ಳಗಿನ ಹೆಂಗಸು. ಮೇಜಿನ ಆಚೆ ಕೂರದೆ ಕುರ್ಚಿ ಎಳೆದುಕೊಂಡು ಅವನ ಪಕ್ಕವೇ ಕೂತರು.

"ಎಷ್ಟು ತಿಂಗಳು?" ಎಂದ. ಪಾದದ ಮೂಳೆ ಬಿರಿದಾಗ, ತೊಡೆಯ ಸ್ನಾಯು ಹರಿದಾಗ, ಡಾಕ್ಟರ ಮುಂದೆ ಕೂತು ಅವನು ಕೇಳಿದ್ದು ಇದೊಂದೇ ಪ್ರಶ್ನೆ.

"ತಿಂಗಳ ವಿಷಯ ಅಲ್ಲ ಇದು" ಎಂದರು ಆಕೆ. ಪರದೆಯ ಮೇಲೆ ಅವನ ಹೃದಯದ ಬೂದು ಚಿತ್ರವಿತ್ತು. ಪೆನ್ನಿನ ತುದಿಯಿಂದ ತೋರಿಸಿದರು. "ಇಲ್ಲಿ, ಇಲ್ಲಿ. ಸ್ನಾಯು ಇರ್ಬೇಕಾದ ಕಡೆ ಗಾಯ ಮಾಗಿದ ಕಲೆ ಥರ ಆಗಿದೆ. ಹುಟ್ಟಿನಿಂದ ಬಂದಿರೋದು. ಓಡಿದಷ್ಟೂ ಜಾಸ್ತಿಯಾಗತ್ತೆ. ವರ್ಷಾವರ್ಷ ಮಾಡಿಸೋ ಸಾಮಾನ್ಯ ಪರೀಕ್ಷೇಲಿ ಎಷ್ಟೋ ಸಲ ಕಾಣಿಸ್ಕೊಳ್ಳಲ್ಲ. ಇಷ್ಟು ವರ್ಷ ನೀವು ಓಡಿದೀರಲ್ಲ, ಅದೃಷ್ಟ ಅಂತ್ಲೇ ಹೇಳ್ಬೇಕು."

"ಅಂದ್ರೆ, ಸಿ ದರ್ಜೇಲಿ?"

"ಯಾವ ದರ್ಜೇಲೂ ಇಲ್ಲ. ಈ ದೇಶದಲ್ಲಿ ಯಾವ ಡಾಕ್ಟರೂ ನಿಮಗೆ ಆಡೋಕೆ ಸಹಿ ಹಾಕಲ್ಲ. ಹಾಕಲೂಬಾರದು." ಆಕೆ ಪೆನ್ನು ಕೆಳಗಿಟ್ಟು ಕೇಳಿದರು. "ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ, ಇದ್ದಕ್ಕಿದ್ದ ಹಾಗೆ ತೀರ್ಕೊಂಡಿದಾರಾ?"

"ಅಪ್ಪ. ಮೂವತ್ತೊಂಬತ್ತಕ್ಕೆ. ಆದರೆ ಅವರು ದೋಣಿಯಿಂದ ಬಿದ್ದು ಮುಳುಗಿದ್ದು."

"ಬೀಳೋದನ್ನ ಯಾರಾದ್ರೂ ನೋಡಿದ್ರಾ?"

ಚಿಪ್ಪುಮೀನಿನ ದೋಣಿಯಲ್ಲಿ ಅಪ್ಪನ ಜೊತೆಗಿದ್ದವನು ಎಂಜಿನ್ ಕೋಣೆಯಲ್ಲಿದ್ದ. ಮೇಲೆ ಬಂದಾಗ ಭಾರದ ಬಲೆ ಅರ್ಧ ಎಳೆದು ಬಿಟ್ಟಿತ್ತು, ಅಪ್ಪ ಪ್ರಿಮೊ ಸ್ಪಿನೋತ್ಸಿ ಇರಲಿಲ್ಲ. ಕುಡಿದಿದ್ದ, ಕಾಲು ಜಾರಿತು ಎಂದು ಬಂದರಿನ ಜನವೆಲ್ಲ ಮಾತಾಡಿಕೊಂಡಿತು.

"ಒಡಹುಟ್ಟಿದವರು ಇದಾರಾ ನಿಮಗೆ?"

"ಒಬ್ಬ ತಮ್ಮ. ಇಪ್ಪತ್ತು ವರ್ಷ."

"ಏನ್ ಮಾಡ್ತಾರೆ?"

ಎಲ್ವಿಯೊ ತನ್ನ ಎರಡು ಕೈಗಳನ್ನು ನೋಡಿಕೊಂಡ. "ಆಡ್ತಾನೆ" ಎಂದ.

*

ತನ್ನೂರು ಪೋರ್ತೊ ಸಾಲ್ವಿಯ ಬಂದರಿನ ಮುಂದೆ ಮರುದಿನ ಮಧ್ಯಾಹ್ನ ಅವನು ಬಸ್ಸಿಳಿದಾಗ ಸೆತ್ತಿಮಿಯೊ ತನ್ನ ಕಾಫಿ ಅಂಗಡಿಯ ಬಾಗಿಲಲ್ಲೇ ನಿಂತಿದ್ದ. "ಬಂದ್ರಪ್ಪಾ ಬಿ ದರ್ಜೆ ದೊರೆಗಳು!" ಎಂದು ಕೂಗಿದ. ಒಳಗೆ ಇಸ್ಪೀಟಾಡುತ್ತಿದ್ದ ಮುದುಕರು ಕುರ್ಚಿ ಸರಿಸಿ ಎದ್ದರು. "ಏನೋ, ಸಹಿ ಹಾಕಿ ಬಂದಿದ್ದೀಯ, ಬರಿಗೈಲಿ ಬಂದಿದ್ದೀಯ? ಹೊಸ ಅಂಗಿ ಎಲ್ಲೋ?" ಒಬ್ಬ ಅವನ ಬೆನ್ನಿಗೆ ಗುದ್ದಿದ. ಸೆತ್ತಿಮಿಯೊ ಕಾಫಿಗೆ ಸೋಂಪಿನ ಮದ್ಯ ಸುರಿದು ತಂದು ಕೈಗಿಟ್ಟ. "ಇದು ನನ್ನ ಕಡೆಯಿಂದ. ಭಾನುವಾರ ನಿನ್ ತಮ್ಮನ ಪಂದ್ಯ ಮುಗೀಲಿ, ಅವಾಗ ಬಾಟ್ಲೀನೇ ಒಡೆಯೋಣ. ಎ ದರ್ಜೆಯವರು ಇಬ್ಬರು ಬರ್ತಿದಾರಂತೆ ಅವನ್ನ ನೋಡಕ್ಕೆ. ಒಂದೇ ಮನೇಲಿ ಬಿ ಒಬ್ಬ, ಎ ಒಬ್ಬ! ನಿಮ್ಮಪ್ಪ ಇರ್ಬೇಕಿತ್ತು ಕಣೋ."

ಎಲ್ವಿಯೊ ಕಾಫಿ ಕುಡಿದ. "ಇನ್ನೂ ಕೆಲವು ಕಾಗದ ಪತ್ರ ಬಾಕಿ ಇದೆ" ಎಂದು ಚೀಲ ಎತ್ತಿಕೊಂಡ.

ಎರಡು ವರ್ಷದ ಹಿಂದೆ ಅವನು ಹುಟ್ಟೂರಿನ ತಂಡಕ್ಕೆ ಮರಳಿದ್ದೇ ಲೋರಿಸನಿಗಾಗಿ. ಅಪ್ಪ ಹೋದಾಗ ಲೋರಿಸನಿಗೆ ನಾಲ್ಕು ವರ್ಷ. ಹದಿನೈದರ ಎಲ್ವಿಯೊ ಅವನನ್ನು ಚಳಿಗಾಲದ ಖಾಲಿ ಸಮುದ್ರ ತೀರಕ್ಕೆ ಕರೆದೊಯ್ದು, ಮರಳಿನಲ್ಲಿ ಎರಡು ಕಡ್ಡಿ ನೆಟ್ಟು, ಚೆಂಡು ಒದೆಯುವುದನ್ನು ಕಲಿಸಿದ. ಆಮೇಲೆ ತಾನು ಊರೂರು ಅಲೆದ. ರಜೆಗೆ ಬಂದಾಗೆಲ್ಲ ತಮ್ಮ ಇನ್ನಷ್ಟು ಉದ್ದವಾಗಿರುತ್ತಿದ್ದ, ಅವನ ಎಡಗಾಲು ಇನ್ನಷ್ಟು ಜಾಣವಾಗಿರುತ್ತಿತ್ತು. ಹದಿನೆಂಟಕ್ಕೆ ಅವನು ದೊಡ್ಡವರ ತಂಡ ಸೇರಿದ. ಎಲ್ವಿಯೊ ಒಳ್ಳೆಯ ಒಪ್ಪಂದವೊಂದನ್ನು ಬಿಟ್ಟು ಬಂದು ಅವನ ಹಿಂದೆ ನಿಂತ. ಲೋರಿಸ್ ಮೇಲೆ ಯಾರಾದರೂ ಒರಟಾಗಿ ಎರಗಿದರೆ ಮುಂದಿನ ಐದು ನಿಮಿಷದೊಳಗೆ ಅವರಿಗೆ ಎಲ್ವಿಯೊನ ಭುಜದ ಪರಿಚಯವಾಗುತ್ತಿತ್ತು. ಲೋರಿಸ್ ಹಿಂದಕ್ಕೆ ಓಡಿ ಬರಬೇಕಾದ ಕಡೆಗೆಲ್ಲ ಅಣ್ಣನೇ ಓಡುತ್ತಿದ್ದ. "ನೀನು ಮುಂದೆ ನೋಡು, ಹಿಂದಿಂದು ನಂಗಿರಲಿ" ಎನ್ನುತ್ತಿದ್ದ.

ಅಮ್ಮ ನಾತ್ಸರೇನಾ ಅಡುಗೆಮನೆಯಲ್ಲಿ ಮೀನು ಹೆರೆಯುತ್ತಿದ್ದಳು. ಬಂದರಿನ ಸಹಕಾರಿ ಸಂಘದಲ್ಲಿ ದಿನವಿಡೀ ಮಾಡುವುದೂ ಅದೇ ಕೆಲಸ, ಮನೆಯಲ್ಲೂ ಅದೇ. ಅವನು ಹೇಳುವುದೆಲ್ಲ ಹೇಳಿ ಮುಗಿಸುವವರೆಗೆ ಅವಳ ಕೈಯ ಚಾಕು ನಿಲ್ಲಲಿಲ್ಲ. ಹೃದಯ, ಕಲೆ, ಹುಟ್ಟಿನಿಂದ ಬಂದದ್ದು, ಅಪ್ಪನಿಗೂ ಇದ್ದಿರಬಹುದು ಎಂದು ಡಾಕ್ಟರು ಅಂದದ್ದು. ಕೊನೆಗೆ ಚಾಕು ಕೆಳಗಿಟ್ಟಳು.

"ಹಾಗಾದ್ರೆ ಅವನು ಕುಡಿದಿರಲಿಲ್ಲ" ಎಂದಳು.

"ಅಮ್ಮಾ..."

"ಬಿಟ್ಟಿದೀನಿ ಅಂತ ಆಣೆ ಹಾಕಿದ್ದ. ನಾನು ನಂಬಲಿಲ್ಲ. ಹಿಂದಿನ ದಿನ ಜಗಳ ಆಗಿತ್ತು ನಮಗೆ. ಬೆಳಿಗ್ಗೆ ಹೊರಡುವಾಗ ಬಾಗಿಲ ಹತ್ರ ನಿಂತು ಹೋಗ್ಬರ್ತೀನಿ ನೇನಾ ಅಂದ. ನಾನು ತಿರುಗಿ ನೋಡ್ಲಿಲ್ಲ." ಅವಳು ಕೈಗೆ ಅಂಟಿದ್ದ ಮೀನಿನ ಹುರುಪೆಯನ್ನು ಒಂದೊಂದಾಗಿ ಕಿತ್ತಳು. "ಹದಿನಾರು ವರ್ಷ ಬೈದಿದೀನಿ ಅವನಿಗೆ. ಹೆಂಡದ ಆಸೆಗೆ ನನ್ನ ಎರಡು ಮಕ್ಕಳನ್ನ ಬೀದಿಗೆ ಹಾಕಿ ಹೋದ ಅಂತ. ಸಮಾಧಿ ಮುಂದೆ ನಿಂತೂ ಬೈದಿದೀನಿ."

ಆಮೇಲೆ ತಟ್ಟನೆ ತಲೆ ಎತ್ತಿದಳು. "ಲೋರಿಸ್?"

"ಅವನಿಗೂ ಇದೇ ಪರೀಕ್ಷೆ ಆಗ್ಬೇಕು. ಇರಬಹುದು, ಇಲ್ದೇನೂ ಇರಬಹುದು. ಗೊತ್ತಾಗೋವರೆಗೂ ಆಡೋ ಹಾಗಿಲ್ಲ."

"ಭಾನುವಾರ..." ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಭಾನುವಾರದ ಪಂದ್ಯದ ವಿಷಯ ಅವಳ ಸಂಘದ ಹೆಂಗಸರೆಲ್ಲ ವಾರದಿಂದ ಮಾತಾಡುತ್ತಿದ್ದರು. ಅವಳು ನಲ್ಲಿ ತಿರುಗಿಸಿ ಕೈಯನ್ನು ತುಂಬಾ ಹೊತ್ತು ತೊಳೆದಳು. "ನೀನೇ ಹೇಳು ಅವನಿಗೆ. ನನ್ನ ಕೈಲಾಗಲ್ಲ."

*

ಶುಕ್ರವಾರ ಬೆಳಗಿನ ಅಭ್ಯಾಸ ಮುಗಿಸಿ ಬಂದ ಲೋರಿಸನನ್ನು ಎಲ್ವಿಯೊ ಅಲೆ ತಡೆಯ ಕಲ್ಲುಗಳ ಕಡೆ ಕರೆದುಕೊಂಡು ಹೋದ. ಗಾಳಿಯಿಲ್ಲದ, ಬೂದು ಬಣ್ಣದ ಬೆಳಗು. ಲೋರಿಸನ ಕೂದಲು ಇನ್ನೂ ಒದ್ದೆ. ಅವನು ಹುರಿದ ಆಲಿವ್‌ಗಳ ಪೊಟ್ಟಣ ಹಿಡಿದು ಒಂದೊಂದೇ ಬಾಯಿಗೆ ಎಸೆದುಕೊಳ್ಳುತ್ತಿದ್ದ. "ಏನ್ ಸಾರ್, ಬಿ ದರ್ಜೆಯವರಿಗೆ ನಮ್ಮಂಥೋರ ಜೊತೆ ಮಾತಾಡಕ್ಕೆ ಪುರುಸೊತ್ತಾಯ್ತಾ?" ಎಂದು ನಕ್ಕ.

ಎಲ್ವಿಯೊ ಹೇಳಿದ. ಮೊದಲು ತನ್ನದು. ಲೋರಿಸನ ನಗು ಆರಿತು. ಪೊಟ್ಟಣ ಕೆಳಗಿಟ್ಟು ಅಣ್ಣನ ಕತ್ತಿನ ಸುತ್ತ ತೋಳು ಹಾಕಿ ಎಳೆದುಕೊಂಡ. ಆ ತೋಳಿನ ಬಿಸಿ ಭುಜದ ಮೇಲಿರುವಾಗಲೇ ಎಲ್ವಿಯೊ ಉಳಿದದ್ದನ್ನೂ ಹೇಳಬೇಕಾಯಿತು. ತೋಳು ಮೆಲ್ಲಗೆ ಸರಿಯಿತು.

"ನಂಗೇನೂ ಆಗಿಲ್ಲ" ಎಂದ ಲೋರಿಸ್.

"ನಂಗೂ ಏನೂ ಆಗಿರಲಿಲ್ಲ."

"ಆಗಸ್ಟಲ್ಲಿ ನನ್ನ ಪರೀಕ್ಷೆ ಮಾಡಿದಾರೆ. ಕುದುರೆ ಥರ ಇದೀಯ ಅಂದ್ರು."

"ನಂಗೂ ಅದನ್ನೇ ಅಂದಿದ್ರು ಕಣೋ. ಇದು ಆ ಪರೀಕ್ಷೇಲಿ ಕಾಣಲ್ವಂತೆ."

ಲೋರಿಸ್ ಎದ್ದು ನಿಂತ. ಕಲ್ಲಿನಿಂದ ಕಲ್ಲಿಗೆ ನಾಲ್ಕು ಹೆಜ್ಜೆ ಹೋಗಿ ಮರಳಿ ಬಂದ. "ಬಿ ದರ್ಜೆ ಬಾಗಿಲು ಮುಟ್ಟಕ್ಕೆ ನಿಂಗೆ ಮೂವತ್ತೊಂದು ವರ್ಷ ಬೇಕಾಯ್ತು. ಅದು ಮುಖದ ಮೇಲೆ ಮುಚ್ಚಿತು. ಸರಿ. ಆದರೆ ನನ್ನ ಬಾಗಿಲು ಯಾಕೆ ಮುಚ್ತಿದೀಯ?"

ತಾನಂದ ಮಾತು ಲೋರಿಸನಿಗೇ ಕೇಳಿಸಿರಬೇಕು. ಅವನು ಅಣ್ಣನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಅವನ ಎರಡು ಮಂಡಿ ಹಿಡಿದುಕೊಂಡ. ಚಿಕ್ಕವನಿದ್ದಾಗ ಇನ್ನೊಂದು ಆಟ, ಇನ್ನೊಂದೇ ಆಟ ಎಂದು ಕಾಡುವಾಗ ಹಿಡಿಯುತ್ತಿದ್ದ ಹಾಗೆ.

"ಎಲ್ವಿ. ಸೋಮವಾರ ನೀನು ಹೇಳಿದ ಕಡೆ ಬರ್ತೀನಿ. ಏನ್ ಪರೀಕ್ಷೆ ಬೇಕಾದ್ರೂ ಮಾಡ್ಲಿ. ಭಾನುವಾರ ಒಂದು ಆಡಕ್ಕೆ ಬಿಡು. ತೊಂಬತ್ತು ನಿಮಿಷ. ಇಷ್ಟು ವರ್ಷ ಏನೂ ಆಗದೇ ಇದ್ದಿದ್ದು ಆ ತೊಂಬತ್ತು ನಿಮಿಷದಲ್ಲೇ ಆಗತ್ತಾ? ಒಂದ್ ಸಲ ಅವರು ನನ್ನ ನೋಡ್ಲಿ. ಆಮೇಲೆ ಏನಾದ್ರೂ ಆಗ್ಲಿ, ಅವರು ನೋಡಿದ್ರು, ಬೇಕು ಅಂದಿದ್ರು ಅಂತನಾದ್ರೂ ಇರತ್ತಲ್ಲ ನಂಗೆ."

ಕೊನೆಯ ಮಾತು ಎಲ್ವಿಯೊನನ್ನು ಸೋಲಿಸಿತು. ಅದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಉತ್ತರದ ಆ ಊರಿನಿಂದ ರೈಲಿನಲ್ಲಿ ಬರುವಾಗ ಇಡೀ ದಾರಿ ಅವನು ಹಲುಬಿದ್ದು ಅದೇ. ಒಂದು ಪಂದ್ಯ. ಒಂದೇ ಒಂದು ಪಂದ್ಯ ಮುಗಿದ ಮೇಲೆ ಗೊತ್ತಾಗಬಾರದಿತ್ತೇ.

"ಮಾತು ಕೊಡು, ಯಾರಿಗೂ ಹೇಳಲ್ಲ ಅಂತ."

"ಸರಿ" ಎಂದ ಎಲ್ವಿಯೊ.

"ಅಮ್ಮನ ಮೇಲಾಣೆ?"

"ಅಮ್ಮನ ಮೇಲಾಣೆ."

*

ಶನಿವಾರ ಬೆಳಿಗ್ಗೆ ಅವನು ಮೈದಾನಕ್ಕೆ ಹೋದದ್ದು ತನ್ನ ಬೀರುವಿನ ಸಾಮಾನು ತರಲೆಂದು. ತಂಡ ಪಂದ್ಯದ ಮುನ್ನಾದಿನದ ಹಗುರ ಅಭ್ಯಾಸ ಮಾಡುತ್ತಿತ್ತು. ಬೇಲಿಯ ಈಚೆ ಅವನು ನಿಂತ. ಲೋರಿಸ್ ಗೆರೆಯಿಂದ ಗೆರೆಗೆ ಬಿರುಸಿನ ಓಟ ಓಡಿದ. ಒಂದು, ಎರಡು, ಮೂರು. ಮೂರನೆಯದು ಮುಗಿಸಿ ಬಗ್ಗಿ, ಮಂಡಿಯ ಮೇಲೆ ಕೈಯೂರಿ ನಿಂತ. ಎಲ್ಲರೂ ಹಾಗೆಯೇ ನಿಲ್ಲುತ್ತಾರೆ. ಎಲ್ವಿಯೊ ಸಾವಿರಾರು ಸಲ ನಿಂತಿದ್ದಾನೆ. ಪಕ್ಕದವನು ಏನೋ ಅಂದ, ಲೋರಿಸ್ ತಲೆ ತಗ್ಗಿಸಿಯೇ ನಕ್ಕ, ಬೆನ್ನು ಕುಲುಕಿತು. ಆಮೇಲೆ ನಗು ನಿಂತಿತು. ಆದರೆ ಅವನು ಮೇಲೇಳಲಿಲ್ಲ, ಇನ್ನೂ ಕೆಳಗೆ ಬಾಗಿದ.

ಎರಡು ಕ್ಷಣ ಇರಬಹುದು. ಎಲ್ವಿಯೊನ ಬೆರಳುಗಳು ತಂತಿ ಬೇಲಿಯೊಳಗೆ ಹೊಕ್ಕು ಬಿಗಿದುಕೊಂಡವು. ಅರ್ಧ ಎಳೆದು ಬಿಟ್ಟ ಬಲೆ ಕಣ್ಣ ಮುಂದೆ ಬಂತು. ಆಮೇಲೆ ಲೋರಿಸ್ ಎದ್ದ. ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ, ಅಷ್ಟೇ. ಎದ್ದವನು ಬೇಲಿಯ ಬಳಿ ಅಣ್ಣನನ್ನು ನೋಡಿ ಹೆಬ್ಬೆರಳು ತೋರಿಸಿ, ಚೆಂಡಿನ ಹಿಂದೆ ಓಡಿದ.

ತಂಡದ ಡಾಕ್ಟರು ಚೆಸಾರಿ, ಮೂವತ್ತು ವರ್ಷದಿಂದ ಅಲ್ಲೇ ಇದ್ದವರು. ಬಟ್ಟೆ ಬದಲಿಸುವ ಕೋಣೆಯ ಪಕ್ಕದ ತಮ್ಮ ಗೂಡಿನಲ್ಲಿ ಪೇಪರು ಓದುತ್ತಿದ್ದರು. ಎಲ್ವಿಯೊ ಬಾಗಿಲು ಮುಚ್ಚಿ, ಡಾಕ್ಟರ್ ಫಾಬಿಯಾನಿ ಕೊಟ್ಟಿದ್ದ ಕಾಗದವನ್ನು ಪೇಪರಿನ ಮೇಲಿಟ್ಟ. ಮುದುಕರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಅವನಿಗೆ ಗೊತ್ತಾ ನೀನು ಇಲ್ಲಿಗೆ ಬಂದಿರೋದು?"

"ಇಲ್ಲ."

"ಗೊತ್ತಾದ್ರೆ ಅವನು ನಿನ್ನ ಮುಖ ನೋಡಲ್ಲ ಕಣಯ್ಯಾ."

"ನೋಡದೆ ಇರಲಿ" ಎಂದ ಎಲ್ವಿಯೊ. "ಬದುಕಿದ್ದು ನೋಡದೆ ಇರಲಿ."

ಅಷ್ಟು ಹೇಳಿ ಪರೀಕ್ಷೆಯ ಮಂಚದ ಮೇಲೆ ಕೂತ. ಡಾಕ್ಟರ್ ಚೆಸಾರಿ ಕಿಟಕಿ ತೆಗೆದು ತಂಡದ ಮಿಸ್ಟರನ್ನು ಕೂಗಿದರು.

ಮರುದಿನ ಊರಿಗೆ ಊರೇ ಮೈದಾನದಲ್ಲಿತ್ತು. ಹನ್ನೊಂದು ಜನರ ಪಟ್ಟಿ ಓದಿದಾಗ ಲೋರಿಸ್ ಸ್ಪಿನೋತ್ಸಿಯ ಹೆಸರಿಲ್ಲದ್ದಕ್ಕೆ ಗದ್ದಲವೆದ್ದಿತು. ದೂರದ ಅತಿಥಿಗಳ ಸಾಲಿನಲ್ಲಿದ್ದ ಇಬ್ಬರು ಅರ್ಧ ಪಂದ್ಯ ನೋಡಿ, ಕೋಟು ಹಾಕಿಕೊಂಡು ಹೋದರು. ಪಂದ್ಯ ಗೋಲಿಲ್ಲದೆ ಮುಗಿಯಿತು. ಎಲ್ವಿಯೊ ಮನೆಗೆ ಬಂದಾಗ ತಮ್ಮನ ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ಅಮ್ಮ ಅದರ ಮುಂದೆ, ನೆಲದ ಮೇಲೆ, ತಟ್ಟೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಬುಧವಾರ ಜಿಲ್ಲಾ ಊರಿನ ಆಸ್ಪತ್ರೆಯಲ್ಲಿ ಲೋರಿಸ್ ಅದೇ ಬಿಳಿ ಕೊಳವೆಯೊಳಗೆ ಮಲಗಿದ. ಹೊರಗೆ ಬೆಂಚಿನ ಮೇಲೆ ಎಲ್ವಿಯೊ ತಾನು ಎಂದೂ ಬೇಡದಷ್ಟು ಬೇಡಿಕೊಂಡ. ತನ್ನದು ಹೋಯಿತಲ್ಲ, ಅದು ಸಾಕಾಗಲಿ. ಇವನದು ಸರಿಯಿದೆ ಎನ್ನಲಿ. ಸುಮ್ಮನೆ ಅವನ ಭಾನುವಾರ ಹಾಳು ಮಾಡಿದ ಮೂರ್ಖ ಎಂದು ಊರೆಲ್ಲ ನನ್ನ ಮೇಲೆ ಉಗಿಯಲಿ. ಎರಡು ಗಂಟೆಯ ಮೇಲೆ ಬಾಗಿಲು ತೆರೆಯಿತು. ಲೋರಿಸ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದ, ಒಂದು ಗುಂಡಿ ತಪ್ಪಿತ್ತು. ಹಿಂದೆ ಬಂದ ಡಾಕ್ಟರ ಮುಖ ನೋಡಿದ ಮೇಲೆ ಏನೂ ಕೇಳಬೇಕಾಗಿರಲಿಲ್ಲ.

"ನಿಂದಕ್ಕಿಂತ ದೊಡ್ಡದಂತೆ ನನ್ನ ಕಲೆ" ಎಂದ ಲೋರಿಸ್. "ಸಮಾಧಾನ ಆಯ್ತಾ?"

ಅದೇ ಅವನ ಕೊನೆಯ ಮಾತು. ಆಮೇಲೆ ಒಂಬತ್ತು ತಿಂಗಳು ಅವನು ಅಣ್ಣನ ಜೊತೆ ಮಾತಾಡಲಿಲ್ಲ.

*

ಒಂದೇ ಮನೆಯಲ್ಲಿ ಮಾತು ಬಿಡುವುದು ಎಷ್ಟು ಕಷ್ಟವೆಂದು ಎಲ್ವಿಯೊಗೆ ಗೊತ್ತಿರಲಿಲ್ಲ. ಉಪ್ಪಿನ ಭರಣಿ ಬೇಕಾದರೆ ಲೋರಿಸ್ ಎದ್ದು ಸುತ್ತಿ ಬಂದು ತೆಗೆದುಕೊಳ್ಳುತ್ತಿದ್ದ. ಎಲ್ವಿಯೊ ಸ್ನಾನದ ಮನೆಯಿಂದ ಬಂದರೆ ಅವನು ಮೆಟ್ಟಿಲಲ್ಲೇ ಕಾದು ನಿಂತು, ಗೋಡೆ ನೋಡುತ್ತ, ದಾರಿ ಬಿಡುತ್ತಿದ್ದ. ಮಾರ್ಚಿನಲ್ಲಿ ಎಲ್ವಿಯೊಗೆ, ಏಪ್ರಿಲಿನಲ್ಲಿ ಲೋರಿಸನಿಗೆ ಎದೆಯ ಎಡಗಡೆ ಚರ್ಮದಡಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಯಂತ್ರವೊಂದನ್ನು ಇಟ್ಟರು. ಹೃದಯ ದಾರಿ ತಪ್ಪಿದರೆ ಅದು ಒದ್ದು ಸರಿ ಮಾಡುತ್ತದಂತೆ. "ಒದೆಯೋದ್ರಲ್ಲಿ ಅದೇ ಈಗ ನಮ್ಮನೇಲಿ ಉಳಿದಿರೋದು" ಎಂದು ಲೋರಿಸ್ ಅಮ್ಮನಿಗೆ ಹೇಳಿದ್ದು ಗೋಡೆಯಾಚೆಯಿಂದ ಕೇಳಿಸಿತು. ಅಮ್ಮ ನಗಲಿಲ್ಲ.

ಅವಳು ಅಪ್ಪನ ಫೋಟೋವನ್ನು ಬೀರುವಿನ ತಳದಿಂದ ತೆಗೆದು ಅಡುಗೆಮನೆಯಲ್ಲಿ ತೂಗುಹಾಕಿದ್ದಳು. ಕೆಲವು ಸಲ, ಒಬ್ಬಳೇ ಇದ್ದೇನೆಂದುಕೊಂಡಾಗ, ಅದರ ಮುಂದೆ ನಿಂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು. ಎಲ್ವಿಯೊಗೆ ಕೇಳಿಸಿದ್ದು ಒಂದೇ ಸಲ. "ಹೋಗಿ ಬಾ" ಎನ್ನುತ್ತಿದ್ದಳು. "ಹುಷಾರಾಗಿ ಹೋಗಿ ಬಾ."

ಕ್ಲಬ್ಬು ಎಲ್ವಿಯೊಗೆ ಬೇರೆ ಕೆಲಸ ಕೊಟ್ಟಿತು. ಮುಂದೆ ಆಡಬೇಕಾದ ತಂಡಗಳ ಪಂದ್ಯ ನೋಡಿ ಮಿಸ್ಟರಿಗೆ ವರದಿ ಬರೆಯುವುದು. ಮತ್ತೆ ಅದೇ ಬೆಟ್ಟದ ಊರು, ಅದೇ ದಕ್ಷಿಣದ ಊರು. ಈಗ ಪ್ರೇಕ್ಷಕರ ಮೆಟ್ಟಿಲ ಮೇಲೆ ಕೂತು. ಯಾರದೋ ಕಾಲಿನಿಂದ ಚೆಂಡು ಜಾರಿದರೆ ಅವನ ತೊಡೆ ತಾನಾಗಿಯೇ ಬಿಗಿಯುತ್ತಿತ್ತು. ಲೋರಿಸ್ ಬಂದರಿನ ದೋಣಿ ಸಾಮಾನಿನ ಅಂಗಡಿ ಸೇರಿದ. ಹಗ್ಗ, ಬಣ್ಣ, ರಬ್ಬರ್ ಬೂಟು. ಮೊದಲ ವಾರಗಳಲ್ಲಿ ಜನ ಅವನನ್ನು ನೋಡಲೆಂದೇ ಬಂದು ಬೇಡದ ಹಗ್ಗ ಕೊಂಡರು. ಆಮೇಲೆ ಅದೂ ನಿಂತಿತು.

ಜೂನಿನಲ್ಲಿ ಆಟಗಾರರ ದಲ್ಲಾಳಿಯೊಬ್ಬ ಲೋರಿಸನಿಗೆ ಫೋನು ಮಾಡಿದ ಸುದ್ದಿ ಸೆತ್ತಿಮಿಯೊ ಮೂಲಕ ಎಲ್ವಿಯೊನ ಕಿವಿಗೆ ಬಿತ್ತು. ದೂರದ ಯಾವುದೋ ತಣ್ಣನೆಯ ದೇಶದಲ್ಲಿ ಇಷ್ಟು ಕಟ್ಟುನಿಟ್ಟಿಲ್ಲವಂತೆ. ಆಟಗಾರ ತನ್ನ ಹೊಣೆ ಎಂದು ಬರೆದುಕೊಟ್ಟರೆ ಸಾಕಂತೆ. "ನಿಲ್ಲಿಸೋ ಅವನ್ನ" ಎಂದ ಸೆತ್ತಿಮಿಯೊ. ಎಲ್ವಿಯೊ ಏನು ಮಾಡಬಲ್ಲ? ಒಂದು ವಾರ ಲೋರಿಸನ ಪಾಸ್‌ಪೋರ್ಟು ಊಟದ ಮೇಜಿನ ಮೇಲಿತ್ತು. ಮೂವರೂ ಅದರ ಸುತ್ತ ತಟ್ಟೆ ಇಟ್ಟುಕೊಂಡು ಉಂಡರು. ಎಂಟನೆಯ ದಿನ ಅದು ಅಲ್ಲಿರಲಿಲ್ಲ. ಎಲ್ವಿಯೊ ಆ ಕ್ಷಣವೇ ಮೆಟ್ಟಿಲಿಳಿದು ಬಂದರಿಗೆ ಹೋದ. ಅಂಗಡಿಯ ಗಾಜಿನಾಚೆ ಲೋರಿಸ್ ಏಣಿ ಹತ್ತಿ ಡಬ್ಬಗಳನ್ನು ಜೋಡಿಸುತ್ತಿದ್ದ. ಯಾರೂ ಆ ಮಾತು ಮತ್ತೆ ಎತ್ತಲಿಲ್ಲ.

ಅಕ್ಟೋಬರಿನಲ್ಲಿ ಇಬ್ಬರಿಗೂ ಯಂತ್ರದ ತಪಾಸಣೆಯ ದಿನ ಬಂತು. ಆಸ್ಪತ್ರೆಯವರು ಅಣ್ಣ ತಮ್ಮಂದಿರೆಂದು ಒಂದೇ ಬೆಳಿಗ್ಗೆಗೆ ಕೊಟ್ಟಿದ್ದರು. ಹೋಗುವಾಗ ಬಸ್ಸಿನಲ್ಲಿ ಲೋರಿಸ್ ಮುಂದೆ ಕೂತ, ಎಲ್ವಿಯೊ ಹಿಂದೆ. ಒಳಗೆ ಒಬ್ಬೊಬ್ಬರಾಗಿ ಅಂಗಿ ಬಿಚ್ಚಿ ಮಲಗಿದರು. ಎಲ್ವಿಯೊನ ಯಂತ್ರ ಒಂದು ಸಲವೂ ಕೆಲಸ ಮಾಡಿರಲಿಲ್ಲ. ಲೋರಿಸನದನ್ನು ಪರೀಕ್ಷಿಸಿದ ಡಾಕ್ಟರು ಬಾಗಿಲು ಅರೆ ತೆರೆದಿದ್ದಾಗ ಕೇಳಿದ್ದು ಹೊರಗೆ ಕೂತಿದ್ದ ಎಲ್ವಿಯೊಗೆ ಕೇಳಿಸಿತು.

"ಆಗಸ್ಟ್ ಒಂಬತ್ತು, ಬೆಳಿಗ್ಗೆ ಹತ್ತೂ ಕಾಲಿಗೆ ಇದು ಒಂದು ಸಲ ಒದ್ದಿದೆ. ಏನ್ ಮಾಡ್ತಿದ್ರಿ ಆವತ್ತು?"

ಮಂಚ ಕಿರುಗುಟ್ಟಿತು, ಲೋರಿಸ್ ಎದ್ದು ಕೂತಿರಬೇಕು.

"ಏನೂ ಇಲ್ಲ. ಪೆಟ್ಟಿಗೆ ಎತ್ತಿಡ್ತಿದ್ದೆ. ಎದೆಗೆ ಯಾರೋ ಗುದ್ದಿದ ಹಾಗಾಯ್ತು. ಕೆಳಗೆ ಕೂತ್ಕೊಂಡೆ. ಆಮೇಲೆ ಸರಿಹೋಯ್ತು."

"ಮನೇಲಿ ಹೇಳಿದ್ರಾ?"

"ಇಲ್ಲ."

"ಆ ಹೊತ್ತಿಗೆ ಇದು ಇಲ್ದೇ ಹೋಗಿದ್ರೆ..." ಎಂದ ಡಾಕ್ಟರು ಮಾತು ಮುಗಿಸಲಿಲ್ಲ. ಲೋರಿಸ್ "ಗೊತ್ತು" ಎಂದ.

ಹೊರಗೆ ಬಂದಾಗ ಬಿಸಿಲಿತ್ತು. ಆಸ್ಪತ್ರೆಯ ಇಳಿಜಾರಿನ ಕೆಳಗೆ, ರಸ್ತೆಯ ಆಚೆ, ಪೋರ್ತೊ ಸಾಲ್ವಿಯ ಬಸ್ಸು ನಿಂತಿತ್ತು. ಕೊನೆಯವಳು ಹತ್ತುತ್ತಿದ್ದಳು. ಬಾಗಿಲು ಮುಚ್ಚುವ ಸದ್ದು ಇಲ್ಲಿಗೂ ಕೇಳಿಸಿತು. ಇಬ್ಬರೂ ಓಡಿದರು. ಯೋಚಿಸಲಿಲ್ಲ, ಕಾಲು ತಾನಾಗಿಯೇ ಕಿತ್ತಿತು. ಮೂರು ಹೆಜ್ಜೆ, ನಾಲ್ಕು ಹೆಜ್ಜೆ, ಭುಜಕ್ಕೆ ಭುಜ.

ಮೊದಲು ನಿಂತವನು ಲೋರಿಸ್. ನಿಂತು ಕೈ ಚಾಚಿ ಅಣ್ಣನ ತೋಳು ಹಿಡಿದ. ಎಲ್ವಿಯೊ ಮುಗ್ಗರಿಸಿ ನಿಂತ. ಕೆಳಗೆ ಬಸ್ಸು ಹೊರಳಿ, ಬಿಸಿಲಿನಲ್ಲಿ ಗಾಜು ಮಿಂಚಿಸಿ, ತಿರುವಿನಲ್ಲಿ ಮರೆಯಾಯಿತು.

ಇಬ್ಬರೂ ನಡೆದುಕೊಂಡು ಇಳಿದರು. ತಂಗುದಾಣದಲ್ಲಿ ಯಾರೂ ಇರಲಿಲ್ಲ. ಎಲ್ವಿಯೊ ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿಯ ಮುಂದೆ ನಿಂತು ಬೆರಳಿಟ್ಟು ಓದಿದ.

"ಎಷ್ಟೊತ್ತಿಗಂತೆ?" ಎಂದ ಲೋರಿಸ್, ಹಿಂದಿನಿಂದ.

"ಇನ್ನೂ ನಲವತ್ತು ನಿಮಿಷ."

ಲೋರಿಸ್ ಬೆಂಚಿನ ಮೇಲಿಟ್ಟಿದ್ದ ತನ್ನ ಚೀಲವನ್ನು ಎತ್ತಿ ಕಾಲ ಬಳಿ ಇಟ್ಟುಕೊಂಡ. ಎಲ್ವಿಯೊ ಆ ಜಾಗದಲ್ಲಿ ಕೂತ. ರಸ್ತೆ ಎರಡು ಕಡೆಗೂ ಖಾಲಿಯಿತ್ತು.